ಚಾದರದ ಆಚೆ ತುದಿ

ಸೊಂಟ ನೋಯುತ್ತದೆ ಎಂದು ಅವಳು ಬಾಯಿಬಿಟ್ಟರೆ ಸಾಕು, ಎದುರಿಗಿದ್ದವರು ಯಾರೇ ಆಗಿರಲಿ, ಒಂದು ಕುರ್ಚಿ ಎಳೆದು ಹಾಕುತ್ತಿದ್ದರು. ಗಂಡ ಹಾಕುತ್ತಿದ್ದ, ಅಕ್ಕ ಹಾಕುತ್ತಿದ್ದಳು, ಔಷಧಿ ಅಂಗಡಿಯವನಂತೂ ತಾನು ಕೂತಿದ್ದ ಸ್ಟೂಲನ್ನೇ ಎತ್ತಿ ಈಚೆ ಕೊಟ್ಟಿದ್ದ. ಕೂತರೆ ಸೊಂಟದ ಎಡಗಡೆ ಯಾರೋ ಮೊಳೆ ಹೊಡೆದು ಅಲ್ಲೇ ಬಿಟ್ಟು ಹೋದ ಹಾಗಾಗುತ್ತದೆ, ಏಳುವಾಗ ಆ ಮೊಳೆ ಇನ್ನಷ್ಟು ಒಳಗೆ ಹೋಗುತ್ತದೆ ಎಂದು ಎಷ್ಟು ಸಲ ಹೇಳುವುದು? ಹೇಳಿದರೂ ಕೇಳುವವರು ಅವಳ ಮುಖ ನೋಡುತ್ತಿರಲಿಲ್ಲ. ಅವರ ಕಣ್ಣು ಕೆಳಗಿಳಿದು ಅವಳ ಬಲಗಡೆಯ ಬೂಟಿನ ಮೇಲೆ ನಿಂತುಬಿಡುತ್ತಿತ್ತು. ಆ ಬೂಟಿನೊಳಗಿನ ಪಾದ ರಬ್ಬರಿನದು. ಮೊಣಕಾಲಿನಿಂದ ಕೆಳಗಿನದೆಲ್ಲ ಮಾಡಿಸಿ ಹಾಕಿಸಿಕೊಂಡದ್ದು.

ಕಾಲು ಹೋಗಿದ್ದು ಹಿಂದಕ್ಕೆ ಬರುತ್ತಿದ್ದ ಲಾರಿಯ ಚಕ್ರಕ್ಕೆ ಸಿಕ್ಕಿ. ಆ ಕಥೆ ಹೇಳಿ ಹೇಳಿ ಅವಳಿಗೆ ಸಾಕಾಗಿತ್ತು. ಈಗ ಯಾರಾದರೂ ಕೇಳಿದರೆ ‘ಹೋಯ್ತು’ ಅಂತ ಒಂದೇ ಮಾತಿನಲ್ಲಿ ಮುಗಿಸುತ್ತಿದ್ದಳು, ಕೊಡೆ ಕಳೆದುಕೊಂಡವಳ ಹಾಗೆ.

ಅವಳು ಕೆಲಸ ಮಾಡುತ್ತಿದ್ದದ್ದು ಆಸ್ಪತ್ರೆಗಳ ಬಟ್ಟೆ ಒಗೆಯುವ ಲಾಂಡ್ರಿಯಲ್ಲಿ. ಉದ್ದನೆಯ ಹಾಲ್, ತಗ್ಗು ಚಾವಣಿ. ಒಂದು ಕೊನೆಯಲ್ಲಿ ಒಗೆಯುವ ಮಷೀನುಗಳು, ನಡುವೆ ಆವಿ ಕಾರುವ ಇಸ್ತ್ರಿ ರೋಲರು, ಇನ್ನೊಂದು ಕೊನೆಯಲ್ಲಿ ಮಡಿಕೆ ಹಾಕುವ ಹೆಂಗಸರು. ಮಡಿಕೆಯವರು ಜೋಡಿ ಜೋಡಿಯಾಗಿ ನಿಲ್ಲುತ್ತಾರೆ. ರೋಲರಿನಿಂದ ಬಿಸಿಬಿಸಿ ಇಳಿದ ಚಾದರದ ಎರಡು ಮೂಲೆ ಒಬ್ಬಳ ಕೈಗೆ, ಇನ್ನೆರಡು ಇನ್ನೊಬ್ಬಳ ಕೈಗೆ. ಝಾಡಿಸಿ, ಜಗ್ಗಿ, ಉದ್ದಕ್ಕೆ ಮಡಚಿ, ಮತ್ತೆ ಜಗ್ಗಿ, ಆಮೇಲೆ ಇಬ್ಬರೂ ಎದುರುಬದುರು ನಡೆದು ಬರುತ್ತಾರೆ. ನಡುವಿನಲ್ಲಿ ಒಬ್ಬಳು ತನ್ನ ತುದಿಯನ್ನು ಇನ್ನೊಬ್ಬಳ ಬೆರಳಿಗೆ ಸಿಕ್ಕಿಸಿ, ಬಗ್ಗಿ, ಜೋಲುಬಿದ್ದ ಮಡಿಕೆಯನ್ನು ಹಿಡಿದುಕೊಳ್ಳುತ್ತಾಳೆ. ಇಬ್ಬರೂ ಹಿಂದಕ್ಕೆ ಸರಿದು ಎಳೆಯುತ್ತಾರೆ, ಮತ್ತೆ ಬರುತ್ತಾರೆ. ಹೊರಗಿನಿಂದ ನೋಡಿದವರಿಗೆ ಅದು ಏನೋ ಕುಣಿತದ ಹಾಗೆ ಕಾಣುತ್ತದೆ. ಮಾಡುವವರಿಗೆ ಸಂಜೆಯ ಹೊತ್ತಿಗೆ ಊರೆಲ್ಲ ಸುತ್ತಿ ಬಂದಷ್ಟು ನಡಿಗೆ.

ಆ ನಡಿಗೆಯಲ್ಲಿ ಅವಳನ್ನು ಮೀರಿಸುವವರು ಇರಲಿಲ್ಲ. ಹಾಗಾಗಿಯೇ ಬುಗುರಿ ಅಂತ ಹೆಸರು ಬಿದ್ದಿತ್ತು. ‘ಬುಗುರಿ ಬಂದ್ಲು, ದಾರಿ ಬಿಡ್ರೇ’ ಅನ್ನುತ್ತಿದ್ದರು. ಕಾಲು ಹೋಗಿ, ಹೊಸ ಕಾಲು ಹಾಕಿಸಿಕೊಂಡು ಅವಳು ಕೆಲಸಕ್ಕೆ ಮರಳಿದ ದಿನ ಒಬ್ಬರೂ ಹಾಗೆ ಕರೆಯಲಿಲ್ಲ. ಎಲ್ಲರೂ ಕೂಡಿ ತೀರ್ಮಾನ ಮಾಡಿದವರಂತೆ ‘ಅಮ್ಮಾ’, ‘ತಾಯೀ’ ಅನ್ನತೊಡಗಿದರು. ರೋಲರ್ ನಡೆಸುವ ಅಜ್ಜ ಮರೆತು ‘ಏ ಬುಗು’ ಅಂದವನು ನಾಲಿಗೆ ಕಚ್ಚಿಕೊಂಡು ಸುಮ್ಮಸುಮ್ಮನೆ ಕೆಮ್ಮಿದ. ಆ ಕೆಮ್ಮಿಗೆ ಬಂದಷ್ಟು ಸಿಟ್ಟು ಅವಳಿಗೆ ಲಾರಿಯವನ ಮೇಲೂ ಬಂದಿರಲಿಲ್ಲ.

ಅವಳ ಜೋಡಿ ಅವಳ ಸ್ವಂತ ಅಕ್ಕ. ಅಮ್ಮ ತೀರಿಕೊಂಡ ಮೇಲೆ ಅವಳ ತಲೆ ಬಾಚಿ, ಮೂಗು ಒರೆಸಿ, ಸ್ಕೂಲಿಗೆ ಅಟ್ಟಿದವಳು. ಆಮೇಲೆ ಇದೇ ಲಾಂಡ್ರಿಗೆ ಕರೆದು ತಂದು ಚಾದರದ ತುದಿ ಕೈಗೆ ಕೊಟ್ಟವಳೂ ಅವಳೇ. ತಂಗಿ ಹೊಸ ಕಾಲಿನಲ್ಲಿ ಬಂದ ದಿನ ಅಕ್ಕ ಮನೆಯಿಂದ ದಪ್ಪನೆಯ ರಬ್ಬರ್ ಚಾಪೆಯೊಂದನ್ನು ಸುತ್ತಿ ತಂದಿದ್ದಳು. ಅದನ್ನು ಕಂಬದ ಪಕ್ಕದಲ್ಲಿ ಹಾಸಿ, “ಇದು ನಿನ್ನ ಜಾಗ ಕಣೇ. ಬೇಕಾದಾಗ ಕಂಬಕ್ಕೆ ಒರಗು” ಅಂದಳು. ಅವಳು ಆ ಚಾಪೆಯ ಮೇಲೆ ನಿಂತಳು. ಕೆಲಸ ಶುರುವಾಯಿತು. ಮೊದಲಿನ ಹಾಗೇ ಚಾದರ ಇಳಿಯಿತು, ಝಾಡಿಸಿದರು, ಜಗ್ಗಿದರು, ಮಡಚಿದರು. ಸಂಜೆಗೆ ರಾಶಿ ಮೊದಲಿನಷ್ಟೇ ಆಗಿತ್ತು. ‘ನೋಡಿದ್ಯಾ, ಏನೂ ಕಮ್ಮಿ ಆಗಿಲ್ಲ’ ಎಂದು ಅವಳು ಮನೆಗೆ ಹೋಗಿ ಗಂಡನ ಮುಂದೆ ಕೊಚ್ಚಿಕೊಂಡಳು.

ಕೆಲವು ತಿಂಗಳಲ್ಲೇ ಸೊಂಟ ಹಿಡಿಯಿತು.

ಗಂಡ ಮೊದಲೇ ಪಾಪಭೀರು. ಇವಳ ಕಾಲು ಹೋದಮೇಲೆ ಅವನು ಮನೆಯಲ್ಲಿ ಬೆಕ್ಕಿನ ಹಾಗೆ ಓಡಾಡುತ್ತಿದ್ದ. ಲೋಟ ಎತ್ತಿಕೊಳ್ಳಲು ಅವಳು ಕೈಚಾಚುವಷ್ಟರಲ್ಲಿ ಲೋಟ ಅವನ ಕೈಯಲ್ಲಿ ಇರುತ್ತಿತ್ತು. ಬಾಗಿಲು ಬಡಿದರೆ ಅವನು, ಹಾಲು ಉಕ್ಕಿದರೆ ಅವನು, ಫೋನು ಕೂಗಿದರೆ ಅದನ್ನು ಎತ್ತಿ ಅವಳ ಕಿವಿಗೇ ತಂದು ಹಿಡಿಯುವವನೂ ಅವನು.

“ನಾನೇನು ಪಟದಲ್ಲಿರೋ ದೇವರಾ?” ಎಂದು ಅವಳು ಒಮ್ಮೆ ಕಿರುಚಿದ್ದಳು. “ಎಲ್ಲ ನೀನೇ ಮಾಡಿದ್ರೆ ನಾನು ಮಾಡೋದೇನು?”

“ರೆಸ್ಟ್ ತಗೋ.”

“ರೆಸ್ಟ್ ತಗೊಂಡೂ ತಗೊಂಡೂ ಸುಸ್ತಾಗಿದೆ ನನಗೆ.”

ಅವನು ಅವಳನ್ನು ಮೂಳೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಮೂಳೆ ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು ನೋಡಿ, ಅಂಥದ್ದೇನೂ ಇಲ್ಲ ಎಂದು ಹೇಳಿ, ಸೊಂಟಕ್ಕೆ ಕಟ್ಟಿಕೊಳ್ಳುವ ಪಟ್ಟಿ ಬರೆದುಕೊಟ್ಟರು. ‘ಒಂದು ಕಾಲು ಕೃತಕ ಅಂದಮೇಲೆ ಸೊಂಟ ಸ್ವಲ್ಪ ನೋಯೋದೇ’ ಅಂದರು, ಮಳೆಗಾಲದಲ್ಲಿ ಮಳೆ ಬರೋದೇ ಅನ್ನುವ ಧಾಟಿಯಲ್ಲಿ. ಕಾಲು ಮಾಡಿಕೊಟ್ಟ ಕೇಂದ್ರದಲ್ಲಿ ವ್ಯಾಯಾಮ ಹೇಳಿಕೊಡುವ ಮೇಡಂ ಮಾತ್ರ ಅವಳನ್ನು ನಿಲ್ಲಿಸಿ, ಎರಡೂ ಸೊಂಟದ ಮೇಲೆ ಕೈಯಿಟ್ಟು ಒತ್ತಿ ನೋಡಿದರು.

“ದಿನಾ ಎಷ್ಟು ನಡೀತೀರ?”

“ಬೆಳಗಿಂದ ಸಂಜೆವರೆಗೆ ನಿಂತೇ ಇರ್ತೀನಿ ಮೇಡಂ. ಲಾಂಡ್ರಿ ಕೆಲಸ.”

“ನಾನು ಕೇಳಿದ್ದು ನಡೆಯೋದು.”

“ಅದು ನಡೆಯೋ ಕೆಲಸಾನೇ. ನಡೀದೆ ಚಾದರ ತಾನಾಗೇ ಮಡಚಿಕೊಳ್ಳುತ್ತಾ?”

ಮೇಡಂ ನಗಲಿಲ್ಲ. “ಭಾರವೆಲ್ಲ ಎಡಗಾಲಿನ ಮೇಲೇ ಹಾಕ್ತಿದೀರಿ. ಬಲಗಾಲನ್ನ ಪಕ್ಕದಲ್ಲಿ ಸುಮ್ನೆ ಒರಗಿಸಿಟ್ಟ ಹಾಗಿದೆ. ಕಾಲು ಸರಿಯಾಗೇ ಕೂತಿದೆ, ನೀವು ಅದನ್ನ ಬಳಸ್ತಾ ಇಲ್ಲ. ನಡೀರಿ, ಸೊಂಟದ ಬಿಗಿ ಕಮ್ಮಿ ಆಗುತ್ತೆ.”

ಅವಳಿಗೆ ಕೆನ್ನೆಗೆ ಬಾರಿಸಿದ ಹಾಗಾಯಿತು. ಬುಗುರಿ ಅನ್ನಿಸಿಕೊಂಡವಳಿಗೆ ನಡಿ ಅನ್ನುವುದೇ? ಹೊರಗೆ ಬಂದು ಗಂಡನ ಮೇಲೆ ಹರಿಹಾಯ್ದಳು: “ಆರಾಮಾಗಿ ಫ್ಯಾನಿನ ಕೆಳಗೆ ಕೂತ್ಕೊಂಡು ಹೇಳೋದು ನೋಡು. ಒಂದು ದಿನ ಬಂದು ಚಾದರ ಹಿಡೀಲಿ ಅವಳು, ಗೊತ್ತಾಗುತ್ತೆ.” ಗಂಡ ‘ಹೂಂ’ ಅಂದ. ಅವನಿಗೆ ‘ಹೂಂ’ ಅನ್ನುವುದು ಬಿಟ್ಟರೆ ಬೇರೆ ಮಾತು ಉಳಿದಿರಲಿಲ್ಲ.

ಆ ಹೊತ್ತಿಗಾಗಲೇ ಸೂಪರ್‌ವೈಸರ್ ಒಂದೆರಡು ಸಲ ಹೊಲಿಗೆ ಮೂಲೆಯ ಮಾತೆತ್ತಿದ್ದ. ಹರಿದ ಚಾದರ, ಕಿತ್ತ ಲಾಡಿ ಹೊಲಿಯುವ ಜಾಗ ಅದು. ಹಾಲಿನ ಹಿಂದೆ, ಕಿಟಕಿ ಇಲ್ಲದ ಕೋಣೆ, ಮೂರು ಮಷೀನು, ಮೂರು ಕುರ್ಚಿ. ಹೆಂಗಸರು ಅದನ್ನು ಪೆನ್ಷನ್ ಕೋಣೆ ಅನ್ನುತ್ತಿದ್ದರು. ಅಲ್ಲಿಗೆ ಹೋದವರು ಯಾರೂ ಹಾಲಿಗೆ ಮರಳಿದ್ದಿಲ್ಲ. ಆಪರೇಷನ್ ಆದಮೇಲೆ ಮನೆಯಲ್ಲಿ ಕುರ್ಚಿಗೆ ಅಂಟಿಕೊಂಡಿದ್ದ ತಿಂಗಳುಗಳು ಅವಳಿಗೆ ಚೆನ್ನಾಗಿ ನೆನಪಿದ್ದವು. ಕೊನೆಕೊನೆಗೆ ಸ್ನಾನಕ್ಕೆ ಏಳುವುದೂ ಬೇಡವೆನ್ನಿಸಿ, ಬಾಗಿಲಲ್ಲಿ ಯಾರಾದರೂ ನಿಂತರೆ ತಲೆ ಎತ್ತುವುದಕ್ಕೂ ಬೇಸರವಾಗಿತ್ತು. ಮತ್ತೆ ಆ ಕುರ್ಚಿಗೆ ಹೋದರೆ ತಾನು ಏಳುವುದಿಲ್ಲ, ಅಷ್ಟೇ. ಇದು ಅವಳಿಗೆ ತನ್ನ ಹೆಸರಿನಷ್ಟು ಖಚಿತವಾಗಿ ಗೊತ್ತಿತ್ತು. ಅದಕ್ಕೇ ಸೂಪರ್‌ವೈಸರ್ ಎದುರು ಬಂದಾಗೆಲ್ಲ ಹಲ್ಲು ಕಚ್ಚಿ, ಸೊಂಟದ ಪಟ್ಟಿ ಬಿಗಿಮಾಡಿ, ನೆಟ್ಟಗೆ ನಿಲ್ಲುತ್ತಿದ್ದಳು.

ಹೀಗಿರುವಾಗ ಅಕ್ಕನ ಮಗಳಿಗೆ ಹೆರಿಗೆ ಹತ್ತಿರವಾಯಿತು. ಅಕ್ಕ ರಜೆ ಹಾಕಿ ಮಗಳ ಊರಿಗೆ ಹೊರಟಳು. ಹೊರಡುವ ಹಿಂದಿನ ದಿನ, “ನಾನು ಬರೋವರೆಗೆ ನೀನೂ ರಜೆ ಹಾಕು” ಅಂದಳು.

“ಮಗು ಹುಟ್ಟೋದು ನಿನ್ನ ಮಗಳಿಗೆ. ನನಗೆ ಯಾಕೆ ರಜೆ?”

“ನಿನ್ನ ಜೋಡಿ ಯಾರು ನಿಲ್ತಾರೆ? ಯಾರಿಗೆ ಗೊತ್ತಾಗುತ್ತೆ ನಿನ್ನ ಹದ?”

“ನನ್ನ ಹದ ಏನು, ಹಿಟ್ಟಾ ನಾನು?”

ಅಕ್ಕ ಮುಖ ಊದಿಸಿಕೊಂಡು ಹೋದಳು.

ಮರುದಿನ ಅವಳ ಜೋಡಿಗೆ ಬಂದವಳು ಹೊಸಬಳು. ಯಾವುದೋ ಹೋಟೆಲಿನಲ್ಲಿ ಕೆಲಸ ಬಿಟ್ಟು ಬಂದಿದ್ದ ದೊಡ್ಡ ಆಳು. ದನಿ ಎಷ್ಟು ಕರ್ಕಶವೆಂದರೆ ಮಧ್ಯಾಹ್ನದೊಳಗೆ ಹೆಂಗಸರು ಅವಳಿಗೆ ಗರಗಸ ಎಂದು ಹೆಸರಿಟ್ಟಾಗಿತ್ತು. ಮೊದಲ ಚಾದರ ಇಳಿಯಿತು. ಝಾಡಿಸಿದರು, ಜಗ್ಗಿದರು, ಉದ್ದಕ್ಕೆ ಮಡಚಿದರು. ಅವಳು ತುದಿ ಹಿಡಿದು ಚಾಪೆಯ ಮೇಲೆ ನಿಂತಳು. ಗರಗಸ ಆಚೆ ತುದಿ ಹಿಡಿದು ಅರ್ಧ ದಾರಿ ಬಂದು ನಿಂತಳು. ಚಾದರ ಇಬ್ಬರ ನಡುವೆ ಜೋತುಬಿತ್ತು.

“ಏನಮ್ಮಾ, ಬರಲ್ವಾ?” ಅಂದಳು ಗರಗಸ.

“ಎಲ್ಲಿಗೆ?”

“ಎಲ್ಲಿಗೆ ಅಂದ್ರೆ? ಇಲ್ಲಿಗೆ. ನಾನು ಇಷ್ಟು ಬಂದಿದೀನಿ, ನೀನು ಇಷ್ಟು ಬರಬೇಕು. ನಾನೇನು ನಿನ್ನ ಮನೆ ಆಳಾ, ಅಲ್ಲೀತನಕ ತಂದುಕೊಡೋಕೆ?”

ಹತ್ತಿರದ ಜೋಡಿಗಳು ಕೈ ನಿಲ್ಲಿಸಿದವು. ಯಾರೋ ಒಬ್ಬಳು ಗರಗಸಕ್ಕೆ ಕಣ್ಸನ್ನೆ ಮಾಡಲು ಹೋದದ್ದು ಅವಳಿಗೆ ಕಾಣಿಸಿತು. ಆ ಕಣ್ಸನ್ನೆ ಕಂಡದ್ದೇ ಸಿಟ್ಟು ನೆತ್ತಿಗೇರಿತು. ಅವಳು ಚಾಪೆಯಿಂದ ಇಳಿದು, ದಡದಡ ನಡೆದುಹೋಗಿ, ಚಾದರದ ತುದಿಯನ್ನು ಗರಗಸದ ಕೈಗೆ ತುರುಕಿ, ಮಡಿಕೆ ಹಿಡಿದು ಹಿಂದಕ್ಕೆ ಬಂದಳು. ಮುಂದಿನ ಚಾದರಕ್ಕೂ ಹೋದಳು. ಅದರ ಮುಂದಿನದಕ್ಕೂ. ಈ ಒರಟು ಹೆಂಗಸಿಗೆ ಒಂದು ಮಾತು ಹೇಳಿಬಿಟ್ಟರೆ ಎಲ್ಲ ಮುಗಿಯುತ್ತಿತ್ತು. ಆದರೆ ಹೇಳಿದರೆ ತಾನು ಸೋತ ಹಾಗೆ ಎಂದು ಅವಳ ಹಟ.

ಮಧ್ಯಾಹ್ನ ಊಟದ ಬೆಂಚಿನ ಮೇಲೆ ಕೂತು ಕಾಲು ಬಿಚ್ಚಿದಳು. ಮೊಂಡುಗಾಲು ಕೆಂಪಾಗಿ ಬಿಸಿಯೇರಿತ್ತು. ಒಳಗೆ ಹಾಕುವ ಚೀಲ ಬೆವರಿಗೆ ತೊಯ್ದಿತ್ತು. ಎದುರಿಗೆ ಬಂದು ಕೂತ ಗರಗಸ ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದವಳು ಕೈ ನಿಲ್ಲಿಸಿದಳು. ಬೆಂಚಿಗೆ ಒರಗಿಸಿಟ್ಟ ಕಾಲನ್ನು ನೋಡಿದಳು, ಇವಳನ್ನು ನೋಡಿದಳು.

“ಇದನ್ನ ಮೊದಲೇ ಹೇಳೋಕೆ ಏನಾಗಿತ್ತು ನಿನಗೆ?”

“ಹೇಳಿದ್ರೆ ಏನು ಮಾಡ್ತಿದ್ದೆ?”

“ನಾನೇ ಬರ್ತಿದ್ದೆ ಅಲ್ಲೀತನಕ. ಮನುಷ್ಯಳಲ್ವಾ ನಾನು? ನೀನು ಸೋಮಾರಿ ಅಂದ್ಕೊಂಡೆ. ಸೋಮಾರಿಗಳನ್ನ ಕಂಡ್ರೆ ಆಗಲ್ಲ ನನಗೆ.” ಒಂದು ತುತ್ತು ಬಾಯಿಗೆ ಹಾಕಿಕೊಂಡು ಯೋಚಿಸಿದಳು. “ಈಗ ನಾನೇ ಬರ್ಲಾ?”

“ಬೇಡ.”

“ನಿನ್ನಿಷ್ಟ. ನನಗೂ ಅಷ್ಟು ನಡಿಗೆ ಉಳೀತು.”

ಅಕ್ಕ ಹೋಗಿದ್ದ ಅಷ್ಟೂ ದಿನ ಹೀಗೇ ನಡೆಯಿತು. ಮೊದಮೊದಲು ಮನೆಗೆ ಹೋದಮೇಲೆ ಮೊಂಡುಗಾಲಿಗೆ ಒದ್ದೆ ಬಟ್ಟೆ ಸುತ್ತಿಕೊಂಡು ಮಲಗುತ್ತಿದ್ದಳು. ಕೇಂದ್ರಕ್ಕೆ ಹೋಗಿ ಇನ್ನೊಂದು ಚೀಲ ಕೇಳಿ ತಂದಳು. ಮೇಡಂ ಎದುರಿಗೆ ಸಿಕ್ಕರೆ ಏನು ಹೇಳುವುದು ಎಂದು ಬಾಗಿಲಿನಿಂದಲೇ ವಾಪಸು ಬಂದಳು. ತೊಡೆ ಜಗ್ಗಿದ ಹಾಗೆ, ಹೊಟ್ಟೆ ಹಿಡಿದ ಹಾಗೆ, ಯಾವಯಾವುದೋ ಕಡೆ ನೋವು. ಆದರೆ ಒಂದು ಬೆಳಿಗ್ಗೆ ಹಲ್ಲುಜ್ಜಲು ಬೇಸಿನ್ನಿನ ಮೇಲೆ ಬಗ್ಗಿದವಳು ಬಾಯಿ ಮುಕ್ಕಳಿಸಿ ನೆಟ್ಟಗಾದಳು. ನೆಟ್ಟಗಾದ ಮೇಲೆ ಹೊಳೆಯಿತು: ದಿನದ ಹಾಗೆ ಗೋಡೆ ಹಿಡಿದಿರಲಿಲ್ಲ. ಮೊಳೆ ಅಲ್ಲೇ ಇತ್ತು, ಯಾರೋ ಸ್ವಲ್ಪ ಸಡಿಲಿಸಿದ ಹಾಗಿತ್ತು.

ಖುಷಿಯಾಗಬೇಕಿತ್ತು. ಅವಳು ಬಾಯಿಯ ನೀರು ಒರೆಸಿಕೊಳ್ಳದೆ ಅಲ್ಲೇ ನಿಂತು ಲೆಕ್ಕ ಹಾಕಿದಳು. ನಡೆಯುವ ಕೆಲಸ ಎಂದು ಮೇಡಂಗೆ ಎದೆ ತಟ್ಟಿ ಹೇಳಿದ್ದಳಲ್ಲ, ಎಲ್ಲಿ ನಡೆದಿದ್ದಳು? ಅಕ್ಕ ಬರುತ್ತಿದ್ದಳು. ಪ್ರತಿಯೊಂದು ಚಾದರಕ್ಕೂ ಅಕ್ಕ ಪೂರ್ತಿ ದಾರಿ ಬಂದು, ಅವಳ ಬೆರಳಿಗೆ ತುದಿ ಸಿಕ್ಕಿಸಿ, ತಾನೇ ಬಗ್ಗಿ ಮಡಿಕೆ ಹಿಡಿದು, ತಾನೇ ಹಿಂದಕ್ಕೆ ಹೋಗಿ, ತಾನೇ ಮತ್ತೆ ಬರುತ್ತಿದ್ದಳು. ಇವಳು ಒಂದೇ ಕಾಲಿನ ಮೇಲೆ ಭಾರ ಹಾಕಿ, ಕಂಬಕ್ಕೆ ಜೋಡಿ ಕಂಬವಾಗಿ ನಿಂತಿದ್ದಳು, ಬೆಳಗಿನಿಂದ ಸಂಜೆಯವರೆಗೆ. ಕೈಗಳು ಆಡುತ್ತಿದ್ದುದರಿಂದ ಮೈಯೆಲ್ಲ ಆಡುತ್ತಿದೆ ಎಂದುಕೊಂಡಿದ್ದಳು. ಲಾಂಡ್ರಿಯವರಿಗೆಲ್ಲ ಅದು ಕಾಣುತ್ತಿತ್ತು. ಕಾಣದೆ ಇದ್ದದ್ದು ಇವಳೊಬ್ಬಳಿಗೇ.

ಅವಳು ಬ್ರಶ್ಶನ್ನು ಬೇಸಿನ್ನಿಗೆ ಎಸೆದಳು. ಗಂಡ ಓಡಿಬಂದು ಅದನ್ನು ಎತ್ತಿಕೊಡಲು ಬಗ್ಗಿದ.

“ಮುಟ್ಟಿದ್ರೆ ನೋಡು” ಅಂದಳು.

ಅಕ್ಕ ಅಜ್ಜಿಯಾಗಿ ಮರಳಿದಳು. ಮೊಮ್ಮಗಳ ಫೋಟೊ ಎಲ್ಲರಿಗೂ ತೋರಿಸಿ, ಮಡಿಕೆಯ ಕಡೆ ಬಂದು, ಗೋಡೆಗೆ ಒರಗಿಸಿಟ್ಟಿದ್ದ ಚಾಪೆಯನ್ನು ನೋಡಿ, “ಯಾರೇ ಇದನ್ನ ಎತ್ತಿಟ್ಟೋರು?” ಎಂದು ಕೇಳಿದಳು. ಅವಳು ಉತ್ತರ ಕೊಡುವ ಮೊದಲೇ ಸೂಪರ್‌ವೈಸರ್ ಬಂದ. ಮುಖದಲ್ಲಿ ಒಳ್ಳೆಯ ಸುದ್ದಿ ತಂದವನ ಕಳೆ.

“ನಿಮಗೆ ಹೊಲಿಗೆ ಕೋಣೆಯಲ್ಲಿ ಜಾಗ ಮಾಡಿದೀನಮ್ಮಾ. ನಾಳೆಯಿಂದ ಅಲ್ಲಿ. ಕುರ್ಚಿಗೆ ಹೊಸ ಸ್ಪಂಜು ಹಾಕಿಸಿದೀನಿ.”

“ನಾನು ಕೇಳಿಲ್ಲ ಸಾರ್.”

“ನಿಮ್ಮಕ್ಕ ಕೇಳಿದ್ರಲ್ಲ. ಊರಿಂದಾನೇ ಫೋನ್ ಮಾಡಿ ಕೇಳಿದ್ರು. ನಿಮ್ಮ ಸೊಂಟದ ವಿಷಯ, ಎಲ್ಲ ಹೇಳಿದ್ರು. ಪಾಪ, ಎಷ್ಟು ಕಾಳಜಿ ಅವರಿಗೆ.”

ಅವಳು ಅಕ್ಕನ ಕಡೆ ತಿರುಗಿದಳು. ಅಕ್ಕ ಫೋಟೊ ಇದ್ದ ಫೋನನ್ನು ಎದೆಗೆ ಒತ್ತಿಕೊಂಡು ನಿಂತಿದ್ದಳು.

“ಅಲ್ಲಿ ಮಗು ಹುಟ್ತಿತ್ತು. ಅದನ್ನ ಬಿಟ್ಟು ನನ್ನ ಸೊಂಟದ ಬಗ್ಗೆ ಇವರಿಗೆ ಫೋನ್ ಮಾಡಿದ್ಯಾ?”

“ನಿನ್ನ ಒಳ್ಳೇದಕ್ಕೇ ಕಣೇ. ರಾತ್ರಿ ಹಗಲು ಅದೇ ಯೋಚನೆ ನನಗೆ, ಯಾವಳ ಜೊತೆ ನಿಲ್ಲಿಸಿದಾರೋ, ಎಲ್ಲಿ ಬೀಳ್ತಾಳೋ ಅಂತ.”

“ನನ್ನ ಹತ್ರ ಒಂದು ಮಾತು ಕೇಳಬೇಕು ಅನ್ನಿಸಲಿಲ್ವಾ?”

“ಕೇಳಿದ್ರೆ ನೀನು ಬೇಡ ಅಂತಿದ್ದೆ.”

“ಹಾಗಾದ್ರೆ ಉತ್ತರ ಗೊತ್ತಿತ್ತು.”

ಸೂಪರ್‌ವೈಸರ್ ಗಂಟಲು ಸರಿಮಾಡಿಕೊಂಡ. ಅಕ್ಕತಂಗಿಯರ ನಡುವೆ ಬಾಯಿ ಹಾಕಿದವರಿಗೆ ಏನಾಗುತ್ತದೆ ಎಂದು ಅವನಿಗೆ ಗೊತ್ತಿದ್ದ ಹಾಗಿತ್ತು. ಆದರೂ ಹಾಕಿದ. “ನೋಡಿ ಅಮ್ಮಾ, ನಿಮ್ಮ ಪಾಲಿನ ಓಡಾಟಾನೂ ಅವರೇ ಮಾಡ್ತಾ ಬಂದಿದಾರೆ. ಅವರಿಗೂ ವಯಸ್ಸಾಯ್ತು. ಮಂಡಿ ನೋವು ಅಂತಾರೆ. ಎಷ್ಟು ದಿನ ಹೀಗೆ?”

“ನನ್ನ ಪಾಲಿಂದು ನಾನೇ ಮಾಡ್ತೀನಿ. ಇಷ್ಟು ದಿನ ಮಾಡಿದೀನಿ. ಕೇಳಿ ಅವಳನ್ನ.” ಗರಗಸದ ಕಡೆ ಕೈ ತೋರಿಸಿದಳು. ಗರಗಸ ತಲೆಯಾಡಿಸಿದಳು.

“ಮಾಡಿದ್ರೆ ತೋರಿಸಿ” ಅಂದ ಸೂಪರ್‌ವೈಸರ್. “ನಿಮ್ಮಕ್ಕನ ಜೊತೆಗೇ ತೋರಿಸಿ. ನಾನು ನೋಡ್ತೀನಿ.”

ಪಕ್ಕದ ಜೋಡಿಗಳು ಇತ್ತ ತಿರುಗಿದವು. ರೋಲರಿನ ಅಜ್ಜ ಕೂಡ ಕತ್ತು ಉದ್ದ ಮಾಡಿದ್ದ. ಅವಳು ಬಿಸಿ ಚಾದರದ ಎರಡು ಮೂಲೆ ಹಿಡಿದಳು. ಅಕ್ಕ ಫೋನನ್ನು ಜೇಬಿಗಿಳಿಸಿ ಇನ್ನೆರಡು ಹಿಡಿದಳು. ಜಗ್ಗಿದರು, ಮಡಚಿದರು. ಅವಳು ಒಂದು ಹೆಜ್ಜೆ ಇಡುವಷ್ಟರಲ್ಲಿ ಅಕ್ಕ ಎದುರಿಗೆ ಬಂದಾಗಿತ್ತು.

“ವಾಪಸ್ ಹೋಗು” ಅಂದಳು.

ಅಕ್ಕ ಹೋದಳು. ಎರಡನೆಯ ಚಾದರ. ಈ ಸಲ ಅಕ್ಕ ಬರಬಾರದು ಎಂದು ಕಷ್ಟಪಟ್ಟು ನಿಂತಿದ್ದಳು, ಆದರೂ ಅವಳ ಪಾದಗಳು ನೆಲವನ್ನು ಸವರುತ್ತ ಸವರುತ್ತ ಮುಂದೆ ಸರಿದವು. ನಡು ದಾರಿ ದಾಟಿ ಬಂದುಬಿಟ್ಟಳು.

“ನಿಲ್ಲು ಅಂದೆ ನಾನು.”

“ನಿಂತಿದೀನಲ್ಲೇ.”

“ನಿನ್ನ ಕಾಲಿಗೆ ಹೇಳು. ನಿನಗೆ ಎರಡಿವೆ, ಒಂದಾದ್ರೂ ನಿನ್ನ ಮಾತು ಕೇಳಲಿ.”

ಯಾರೋ ಕಿಸಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡರು. ಅಕ್ಕನ ಕಿವಿ ಕೆಂಪಾಯಿತು. ಮೂರನೆಯ ಚಾದರಕ್ಕೆ ಅಕ್ಕ ನಡುವಿನವರೆಗೆ ಬಂದು, ಗೂಟ ಹೊಡೆದಂತೆ ನಿಂತಳು. ನಿಂತವಳು ಮುಖವನ್ನು ಪೂರ್ತಿ ಗೋಡೆಯ ಕಡೆ ತಿರುಗಿಸಿಕೊಂಡಳು. ಇವಳು ನಡೆದುಬಂದು ತುದಿಯನ್ನು ಚಾಚಿದಳು. ಅಕ್ಕನ ಬೆರಳು ಗಾಳಿಯಲ್ಲಿ ಎಲ್ಲೋ ಹುಡುಕಿತು, ಸಿಕ್ಕಲಿಲ್ಲ. ಚಾದರ ನೆಲಕ್ಕೆ ಬಿತ್ತು.

“ಇದಕ್ಕೇ ನಾನು ಹೇಳಿದ್ದು” ಎಂದು ಸೂಪರ್‌ವೈಸರ್ ಶುರುಮಾಡಿದ.

“ಬೀಳಿಸಿದ್ದು ನಾನಲ್ಲ.”

“ನಾನೇ” ಅಂದಳು ಅಕ್ಕ. ಇನ್ನೂ ಗೋಡೆಯ ಕಡೆಗೇ ಮುಖ.

“ಆ ಕಡೆ ಏನಿದೆ? ಚಾದರ ಇಲ್ಲಿದೆ, ನಾನಿಲ್ಲಿದೀನಿ. ಅಲ್ಲೇನು ನೋಡ್ತಿದ್ದೆ?”

ಅಕ್ಕ ತಿರುಗಿದಳು. ಕಣ್ಣು ತುಂಬಿತ್ತು, ಆದರೆ ದನಿಯಲ್ಲಿ ಅಳು ಇರಲಿಲ್ಲ, ಸಿಟ್ಟೇ ಇತ್ತು. ಒಂದೇ ತಾಯಿಯ ಮಕ್ಕಳು ತಾನೇ. “ನೀನು ನಡೆಯೋದು ನನ್ನ ಕೈಲಿ ನೋಡೋಕಾಗಲ್ಲ ಕಣೇ. ಸಾಕಾ? ಆ ಕಾಲು ಎಳೆಯೋದು, ಆ ಸೊಂಟ ಹಾಗೆ ಹೊಯ್ದಾಡೋದು. ನೀನು ಹೇಗೆ ನಡೀತಿದ್ದೆ ಅಂತ ನನಗೆ ಗೊತ್ತು. ನಡಿಗೆ ಕಲಿಸಿದ್ದು ನಾನು. ನನ್ನ ಕೈಲಿ ಆಗಲ್ಲ. ನೀನು ಅಲ್ಲೇ ನಿಂತಿದ್ರೆ ಏನೂ ಆಗಿಲ್ಲ ಅನ್ನಿಸುತ್ತೆ ನನಗೆ.”

ಅವಳು ಕರುಣೆ ಎಂದು ತಿಳಿದು ಇಷ್ಟು ದಿನ ಸಹಿಸಿಕೊಂಡದ್ದು, ಉಪಕಾರ ಎಂದು ತಲೆಬಾಗಿದ್ದು, ಎಲ್ಲ ಒಮ್ಮೆಗೇ ತಲೆಕೆಳಗಾಯಿತು. ಆ ಚಾಪೆ ಅವಳ ಕಾಲಿಗಾಗಿ ಹಾಸಿದ್ದಲ್ಲ.

“ಅಂದ್ರೆ,” ಎಂದಳು, ಮಾತು ಒಂದೊಂದನ್ನೇ ಇಟ್ಟು, “ನಿನ್ನ ಕಣ್ಣಿಗೆ ನೋವಾಗಬಾರದು ಅಂತ ನನ್ನ ಬೆನ್ನು ಮುರಿದೆ ನೀನು.”

“ಹಾಗಲ್ಲ ಕಣೇ.”

“ಹಾಗೇ. ಈಗ ಆ ಕೋಣೆಗೆ ಕಳಿಸಿದ್ರೆ ಇನ್ನೂ ಒಳ್ಳೇದು, ಅಲ್ವಾ? ಅಲ್ಲಿ ಕಾಣೋದೇ ಇಲ್ಲ ನಾನು.”

ಅವಳು ಬಿದ್ದ ಚಾದರವನ್ನು ತಾನೇ ಬಗ್ಗಿ ಎತ್ತಿ ಕೊಳೆ ಬಟ್ಟೆಯ ಟ್ರಾಲಿಗೆ ಹಾಕಿದಳು. ಬಗ್ಗುವಾಗ ಸೊಂಟ ಚುಳಕ್ಕೆಂದಿತು. ಅಂದರೆ ಅನ್ನಲಿ. ರೋಲರಿನಿಂದ ಇನ್ನೊಂದು ಚಾದರ ಎಳೆದು, ಗರಗಸದ ಮುಂದೆ ಹೋಗಿ ನಿಂತಳು.

“ತಗೋ ತುದಿ.”

“ಅಕ್ಕತಂಗಿ ಜಗಳಕ್ಕೆ ನನ್ನನ್ನ ಎಳೀಬೇಡಿ ತಾಯೀ” ಅಂದಳು ಗರಗಸ. “ಚಾದರ ಬೇಕಾದ್ರೆ ಎಳೀರಿ.”

ಎಳೆದರು. ಝಾಡಿಸಿದ ರಭಸಕ್ಕೆ ಚಾದರ ಚಟೀರೆಂದಿತು. ನಡೆದರು, ಕೊಟ್ಟರು, ಹಿಂದೆ ಸರಿದರು, ಮತ್ತೆ ನಡೆದರು. ಅವಳ ನಡಿಗೆ ಚಂದವಾಗೇನೂ ಇರಲಿಲ್ಲ. ಬಲಗಾಲು ಸ್ವಲ್ಪ ತಡವಾಗಿ ಬರುತ್ತಿತ್ತು, ನೆಲಕ್ಕೆ ತಾಗಿದಾಗ ಟಕ್ ಎನ್ನುತ್ತಿತ್ತು, ಸೊಂಟ ಒಂದು ಕಡೆ ವಾಲುತ್ತಿತ್ತು. ಹಿಂದಕ್ಕೆ ಸರಿಯುವಾಗಂತೂ ಇನ್ನೂ ವಿಕಾರ. ಅವಳು ಅದಾವುದನ್ನೂ ಅಡಗಿಸಲು ಹೋಗಲಿಲ್ಲ. ಪಕ್ಕದ ರಾಶಿ ಏರುತ್ತ ಹೋಯಿತು. ಸೂಪರ್‌ವೈಸರ್ ಕೈಕಟ್ಟಿ ನಿಂತು ನೋಡಿದ. ಕೊನೆಗೆ ರಾಶಿಯ ಮೇಲಿನ ಮಡಿಕೆಯೊಂದನ್ನು ಎತ್ತಿ, ಅಂಚಿಗೆ ಅಂಚು ಕೂಡಿದೆಯೇ ಎಂದು ತಿರುಗಿಸಿ ನೋಡಿ, ಅಲ್ಲೇ ಇಟ್ಟ.

“ಸರಿ, ನೋಡೋಣ” ಅಂದ. “ಕೆಲವು ದಿನ ನೋಡೋಣ.”

“ನೋಡಿ ಸಾರ್” ಅಂದಳು ಅವಳು, ಕೈ ನಿಲ್ಲಿಸದೆ. “ನಾನೂ ಅದನ್ನೇ ಹೇಳ್ತಿರೋದು.”

ಅಕ್ಕನನ್ನು ಆ ದಿನ ದಿಂಬಿನ ಕವರು ಮಡಚುವ ಕೆಲಸಕ್ಕೆ ಹಾಕಿದರು. ಮಧ್ಯಾಹ್ನ ಅಕ್ಕ ಊಟದ ಬೆಂಚಿಗೆ ಬರಲಿಲ್ಲ. ಸಂಜೆ ಬೀಗ ಹಾಕುವ ಹೊತ್ತಿಗೆ ಗೇಟಿನ ಹತ್ತಿರ ನಿಂತಿದ್ದಳು, ಕೈಯಲ್ಲಿ ಸುತ್ತಿದ ಚಾಪೆ, ಮುಖ ಬಾಡಿದ ಸೊಪ್ಪು. ಇಬ್ಬರ ಮನೆಯೂ ಒಂದೇ ದಿಕ್ಕಿಗೆ. ಎಂದಿನ ಹಾಗೆ ಅಕ್ಕ ಪಕ್ಕಕ್ಕೆ ಬಂದು ತಂಗಿಯ ತೋಳು ಹಿಡಿಯಲು ಕೈ ಚಾಚಿದಳು.

“ಪಕ್ಕದಲ್ಲಿ ಬರಬೇಡ” ಅಂದಳು ತಂಗಿ.

“ಸರಿ, ಮುಂದೆ ಹೋಗ್ತಿರ್ತೀನಿ.”

“ಮುಂದೇನೂ ಹೋಗಬೇಡ. ನನ್ನ ಹಿಂದೆ ಬಾ. ನೋಡ್ತಾ ಬಾ. ಮನೆ ಬರೋವರೆಗೂ ನೋಡು.”

“ಬೇಡ ಕಣೇ.”

“ಬರದಿದ್ರೆ ಬೇರೆ ದಾರೀಲಿ ಹೋಗು.”

ಅಷ್ಟು ಹೇಳಿ ಅವಳು ಹೊರಟುಬಿಟ್ಟಳು. ಗೇಟಿನಿಂದ ಆಚೆ ಬೀದಿ ಉದ್ದಕ್ಕೆ ಏರು. ಒಂದು ಬದಿಗೆ ಗ್ಯಾರೇಜು, ಟೈರಿನ ಅಂಗಡಿ, ಇನ್ನೊಂದು ಬದಿಗೆ ಶಟರು ಇಳಿಸುತ್ತಿದ್ದ ಗೋದಾಮುಗಳು. ಕಲ್ಲು ಎದ್ದ ಕಡೆ ರಬ್ಬರಿನ ಪಾದ ವಾಲಿತು, ಅವಳು ಮೈಯನ್ನೆಲ್ಲ ಒಂದು ಸಲ ಆಚೆ ಎಸೆದು ಈಚೆ ತಂದುಕೊಂಡಳು. ಹಿಂದೆ ತಿರುಗಿ ನೋಡಲಿಲ್ಲ. ಮೊದಲು ಬೆನ್ನ ಹಿಂದೆ ಏನೂ ಕೇಳಿಸಲಿಲ್ಲ. ಆಮೇಲೆ ಚಪ್ಪಲಿಯ ಸದ್ದು ಬಂತು, ಮೂಗು ಏರಿಸಿಕೊಂಡ ಸದ್ದು ಬಂತು. ಹತ್ತಿರ ಬರಲಿಲ್ಲ, ದೂರವೂ ಆಗಲಿಲ್ಲ. ಟೈರಿನ ಅಂಗಡಿಯವನು ತಲೆ ಎತ್ತಿ ಅವಳನ್ನು ನೋಡಿದ, ಅವಳ ಹಿಂದೆ ಚಾಪೆ ಹೊತ್ತು ಅಳುತ್ತ ಬರುತ್ತಿದ್ದವಳನ್ನೂ ನೋಡಿದ. ನೋಡಲಿ ಎಂದುಕೊಂಡಳು. ಬೆವರು ಸೊಂಟದ ಪಟ್ಟಿಯೊಳಗೆ ಇಳಿದು ಕೆರೆಯುತ್ತಿತ್ತು. ನಡೆಯುತ್ತಲೇ ಅಂಗಿಯೊಳಗೆ ಕೈಹಾಕಿ ಪಟ್ಟಿ ಬಿಚ್ಚಿ, ಕೈಯಲ್ಲಿ ಮುದುರಿಕೊಂಡಳು.

ಏರು ಮುಗಿಯುವ ಹೊತ್ತಿಗೆ ಹಿಂದಿನಿಂದ ಏದುಸಿರು ಕೇಳಿಸತೊಡಗಿತು.

“ಸ್ವಲ್ಪ ನಿಧಾನ ಹೋಗೇ” ಅಂದಳು ಅಕ್ಕ. “ನನ್ನ ಮಂಡಿ ಕೇಳ್ತಿಲ್ಲ.”

ಅವಳು ನಿಧಾನ ಮಾಡಲಿಲ್ಲ.